ಓಮ್ನಿಗೆ ಒಂದು ಜೊತೆ ದೀಪ

ನೀವು ಯಾವತ್ತಾದರೂ ನಮ್ಮ ಮನೆಗೆ ಬಂದರೆ ಜಗಲಿಯ ಕಂಬದ ಮೊಳೆಯಲ್ಲಿ ತೂಗುವ ಒಂದು ತುಂಡು ಅಲ್ಯುಮಿನಿಯಂ ಪಟ್ಟಿಯನ್ನು ಕಾಣುವಿರಿ. ಗೇಣುದ್ದವೂ ಇಲ್ಲ. ಒಂದು ತುದಿಯಲ್ಲಿ ತೂತು, ಇನ್ನೊಂದು ತುದಿ ಕಾಗದ ಹರಿದ ಹಾಗೆ ಮುರಿದಿದೆ. ಬಂದವರೆಲ್ಲ, “ಇದೇನು ಟೀಚರೇ, ಇಲ್ಲಿ ಯಾಕೆ ನೇತು ಹಾಕಿದ್ದೀರಿ?” ಎಂದು ಕೇಳುತ್ತಾರೆ. ನಾನು ಏನಾದರೊಂದು ಹೇಳಿ ಚಹಾ ತರಲು ಒಳಗೆ ಹೋಗುತ್ತೇನೆ. ಆದರೆ ನಿಮ್ಮಲ್ಲಿ ಹೇಳಬಹುದು. ಇದು ಕಾರಿನ ಮುಂದೆ ದೀಪ ಕಟ್ಟಲು ನಾನೇ ಕೈಯಾರೆ ಮಾಡಿದ ಮೊದಲನೆಯ ಬ್ರಾಕೆಟ್ಟು. ಶಾಲೆಯಲ್ಲಿ ನಾನು ಮಕ್ಕಳಿಗೆ ಬ್ರಾಕೆಟ್ ಎಂದರೆ ಆವರಣ ಚಿಹ್ನೆ ಎಂದು ಕಲಿಸುತ್ತೇನೆ. ಗ್ಯಾರೇಜಿನವರ ಭಾಷೆಯಲ್ಲಿ ಅದು ಬೇರೆ. ಒಂದು ವಸ್ತುವನ್ನು ಇನ್ನೊಂದಕ್ಕೆ ಹಿಡಿದು ನಿಲ್ಲಿಸುವ ಬಾಗಿದ ಪಟ್ಟಿ.

ಮದ್ರಸದಲ್ಲಿ ಕಲಿತು, ಮತ್ತೆ ಮನೆಯಲ್ಲೇ ಕುಳಿತು ಬಿ.ಎ. ಮುಗಿಸಿದ ಹೆಂಗಸಿಗೆ ಕಬ್ಬಿಣ ಬಗ್ಗಿಸುವ ಕೆಲಸ ಯಾಕೆ ಬಂತು ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನಮ್ಮ ಉಮ್ಮನ ಕಣ್ಣು.

ನಾವಿರುವುದು ಬೆಳ್ತಂಗಡಿ ತಾಲೂಕಿನಲ್ಲಿ, ಉಜಿರೆಯಿಂದ ಹೆಚ್ಚು ದೂರವಿಲ್ಲ. ಅಕ್ಕನ ಮನೆ ಚಾರ್ಮಾಡಿ ಘಾಟಿ ಹತ್ತಿದ ಮೇಲೆ, ಕೊಟ್ಟಿಗೆಹಾರದಿಂದ ಸ್ವಲ್ಪ ಆಚೆ, ಮೂಡಿಗೆರೆ ತಾಲೂಕಿನ ಕಾಫಿ ತೋಟಗಳ ನಡುವೆ. ಉಮ್ಮ ಅಕ್ಕನ ಜೊತೆಗೇ ಇದ್ದರು. 2017ರಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುವುದೆಂದು ತೀರ್ಮಾನವಾಯಿತು. ಮೊದಲು ಒಂದು ಕಣ್ಣು, ಅದು ವಾಸಿಯಾದ ಮೇಲೆ ಇನ್ನೊಂದು. ನಡುನಡುವೆ ತಪಾಸಣೆ. ಹಾಗಾಗಿ ಆ ಮಳೆಗಾಲದಲ್ಲಿ ನಾವು ಘಾಟಿ ಹತ್ತಿ ಇಳಿದದ್ದಕ್ಕೆ ಲೆಕ್ಕವಿಲ್ಲ. ನಮ್ಮದೊಂದು ಹಳೆಯ ಮಾರುತಿ ಓಮ್ನಿ, ಎರಡನೆಯ ಕೈಯದ್ದು. ನಮ್ಮ ಮನೆಯವರು ಅಂಗಡಿ ಮುಚ್ಚಿದ ಮೇಲೆಯೇ ಹೊರಡಬೇಕು. ಆಸ್ಪತ್ರೆಯಿಂದ ಬಂದ ದಿನ ನಮ್ಮಲ್ಲಿ ಉಳಿಯಿರಿ ಎಂದರೆ ಉಮ್ಮ ಕೇಳುವುದಿಲ್ಲ. “ನನ್ನ ಚಾಪೆಯಲ್ಲೇ ನನಗೆ ನಿದ್ದೆ” ಎಂಬ ಹಟ. ಹಾಗೆ ರಾತ್ರಿ ಪ್ರಯಾಣ.

ಚಾರ್ಮಾಡಿಯ ಮಂಜನ್ನು ಕಂಡವರಿಗೆ ನಾನು ಹೇಳಬೇಕಾಗಿಲ್ಲ. ಕಾಣದವರಿಗೆ ಹೇಳುವುದು ಕಷ್ಟ. ಒಂದು ರಾತ್ರಿ ಅರ್ಧ ಘಾಟಿಯಲ್ಲಿ ರಸ್ತೆಯೇ ಮಾಯವಾಯಿತು. ಮನೆಯವರು ಹೆಡ್‌ಲೈಟನ್ನು ಮೇಲೆತ್ತಿದರು. ಮುಂದೆ ಬಿಳಿ ಗೋಡೆ ಎದ್ದು ನಿಂತಿತು. ಕೆಳಗಿಳಿಸಿದರು, ಗೋಡೆ ಸ್ವಲ್ಪ ದೂರ ಸರಿಯಿತು, ಅಷ್ಟೆ. ಒಂದು ಬದಿ ಬಂಡೆ, ಇನ್ನೊಂದು ಬದಿ ಕಣಿವೆ. ಕೊನೆಗೆ ನಾನು ಇಳಿದೆ. ಮೊಬೈಲಿನ ಟಾರ್ಚು ಹಿಡಿದು, ರಸ್ತೆಯಂಚಿನ ಬಿಳಿ ಗೆರೆಯ ಮೇಲೆ ಕಾಲಿಟ್ಟುಕೊಂಡು ಮುಂದೆ ಮುಂದೆ ನಡೆದೆ. ಓಮ್ನಿ ನನ್ನ ಹಿಂದೆ ಹಸುವಿನ ಹಾಗೆ ಬಂತು. ಬುರ್ಖಾ ಪೂರ್ತಿ ಒದ್ದೆ. ಎದುರಿನಿಂದ ಲಾರಿ ಬಂದರೆ ಎಂಬ ಭಯ ಬೇರೆ. ಎಷ್ಟು ದೂರ ನಡೆದೆನೋ ತಿಳಿಯದು, ಮಂಜು ಹರಿದ ಮೇಲೆ ಹತ್ತಿ ಕುಳಿತೆ. ಉಮ್ಮ ಮುಂದಿನ ಸೀಟಿನಿಂದ ಹಿಂದಕ್ಕೆ ಕೈ ಚಾಚಿ ನನ್ನ ಕೈ ಹಿಡಿದರು. “ನನ್ನ ಕಣ್ಣೊಳಗೂ ಇದೇ ಮಂಜು ಮಗಳೇ” ಎಂದರು. “ಎದುರಿಂದ ಗಾಡಿ ಬಂದರೆ ದೀಪ ಒಡೆದು ಆಕಾಶ ತುಂಬ ಚೆಲ್ಲಿದ ಹಾಗೆ ಕಾಣುತ್ತದೆ.”

ಆಗ ನಾನದನ್ನು ಮುದುಕಿಯ ಮಾತೆಂದು ತೆಗೆದುಕೊಂಡೆ. ನಂತರ ಕಣ್ಣಿನ ವೈದ್ಯರು ವಿವರಿಸಿದಾಗ ಅದು ಅಕ್ಷರಶಃ ಸತ್ಯವೆಂದು ತಿಳಿಯಿತು. ಮಂಜಿನಲ್ಲಿ ನೀರಿನ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ, ನಮ್ಮ ದೀಪದ ಬೆಳಕೇ ತಿರುಗಿ ನಮ್ಮ ಕಣ್ಣಿಗೆ ಬಡಿಯುತ್ತದೆ. ಪೊರೆ ಬಂದ ಕಣ್ಣಿನಲ್ಲಿ ಮಸೂರವೇ ಮಬ್ಬಾಗಿರುತ್ತದೆ, ಅದು ಒಳಗೆ ಬಂದ ಬೆಳಕನ್ನು ಅದೇ ರೀತಿ ಚದುರಿಸುತ್ತದೆ. ಅದಕ್ಕೇ ಪೊರೆಯಿರುವವರಿಗೆ ರಾತ್ರಿ ಎದುರು ಬರುವ ದೀಪ ಅಷ್ಟು ಹಿಂಸೆ. ನಿಮ್ಮ ಮನೆಯ ಹಿರಿಯರು ರಾತ್ರಿ ರಸ್ತೆ ದಾಟಲು ಅಂಜಿದರೆ ಸುಮ್ಮನೆ ಗದರಬೇಡಿ.

ಮರುದಿನವೇ ಮನೆಯವರು ಪೇಟೆಯಿಂದ ಎರಡು ದುಂಡನೆಯ ದೀಪ ತಂದರು. 12 ವೋಲ್ಟು, ತಲಾ 55 ವಾಟ್, ಹ್ಯಾಲೊಜನ್ ಬಲ್ಬು. ದೀಪವೇನೋ ಬಂತು, ಅದನ್ನು ಕೂರಿಸುವುದೆಲ್ಲಿ? ಓಮ್ನಿಗೆ ಸರಿಯಾಗುವ ಬ್ರಾಕೆಟ್ ಅಂಗಡಿಯಲ್ಲಿ ಇರಲಿಲ್ಲ. ವೆಲ್ಡಿಂಗಿನವರು ಒಂದು ವಾರ ಕಳೆದು ಬನ್ನಿ ಎಂದರು. ನಮಗೆ ಶನಿವಾರ ಮತ್ತೆ ಘಾಟಿ ಹತ್ತಬೇಕಿತ್ತು. “ನಾನೇ ಮಾಡುತ್ತೇನೆ” ಎಂದೆ. ಮನೆಯವರು ನಕ್ಕರು. ಆದರೆ ನನ್ನ ಬಾಪ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವರು. ಅವರ ವೈಸ್, ಅಂದರೆ ಕಬ್ಬಿಣ ಕಚ್ಚಿ ಹಿಡಿಯುವ ಇಕ್ಕಳದಂಥ ಯಂತ್ರ, ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದಿತ್ತು. ಅಣ್ಣಂದಿರಿಗೆ ಬೇಡವಾಗಿತ್ತು. ಚಿಕ್ಕಂದಿನಲ್ಲಿ ಅದರ ಹಿಡಿ ತಿರುಗಿಸುವುದೇ ನನಗೆ ಆಟ.

ಪಕ್ಕದ ಮನೆಯ ಕಿಟಕಿ ಕೆಲಸದಲ್ಲಿ ಉಳಿದಿದ್ದ 2 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಪಟ್ಟಿ ಸಿಕ್ಕಿತು. ಬಗ್ಗಿಸಲು ಸುಲಭ, ತುಕ್ಕು ಹಿಡಿಯದು, ನೋಡಲು ಚೆಂದ. ವೈಸಿನಲ್ಲಿ ಕಚ್ಚಿಸಿ ಸುತ್ತಿಗೆಯಿಂದ ಬಡಿದು ಚೂಪಾದ ಮೂಲೆ ಬರುವಂತೆ ‘ಎಲ್’ ಆಕಾರ ಮಾಡಿದೆ. ಬಂಪರಿನ ಪ್ಲಾಸ್ಟಿಕ್ಕಿಗೇ ತೂತು ಕೊರೆದು ಬೋಲ್ಟು ಬಿಗಿದೆವು. ಅರ್ಧ ದಿನದ ಕೆಲಸ. ನನಗೆ ಎಷ್ಟು ಜಂಬ ಬಂತೆಂದರೆ ಮಗಳಿಂದ ಫೋಟೋ ತೆಗೆಸಿ ಅಕ್ಕನಿಗೆ ಕಳಿಸಿದೆ.

ಆ ಬ್ರಾಕೆಟ್ಟಿನಲ್ಲಿದ್ದ ತಪ್ಪುಗಳನ್ನು ಈಗ ಎಣಿಸುತ್ತೇನೆ, ನಗಬೇಡಿ. ಮೊದಲನೆಯದಾಗಿ, ಅಂಗಡಿಯವರು ಕೊಟ್ಟದ್ದು ದೂರಕ್ಕೆ ಈಟಿಯ ಹಾಗೆ ಬೆಳಕು ಎಸೆಯುವ ಡ್ರೈವಿಂಗ್ ಲೈಟು. ಆಕಾಶ ತಿಳಿಯಿರುವ ರಾತ್ರಿ, ಎದುರಿಗೆ ಯಾರೂ ಇಲ್ಲದ ಬಯಲು ರಸ್ತೆಗೆ ಅದು ಸರಿ. ಮಂಜಿಗೆ ಬೇಕಾದದ್ದು ತಗ್ಗಿನಲ್ಲಿ ಕೂತು, ಅಗಲಕ್ಕೆ ಚಪ್ಪಟೆಯಾಗಿ ಹರಡುವ, ಮೇಲ್ಭಾಗ ಕತ್ತರಿಸಿದ ಹಾಗಿರುವ ಬೆಳಕು. ಬಲ್ಬು ಹಳದಿಯೋ ಬಿಳಿಯೋ ಎನ್ನುವುದಕ್ಕಿಂತ ಈ ಆಕಾರವೇ ಮುಖ್ಯ. ಎರಡನೆಯದು, ಪ್ಲಾಸ್ಟಿಕ್ ಬಂಪರು ತಾನೇ ನಡುಗುತ್ತದೆ, ಅದಕ್ಕೆ ಕಟ್ಟಿದ ದೀಪ ನಡುಗದಿರುತ್ತದೆಯೇ? ರಸ್ತೆಯ ಮೇಲೆ ಬೆಳಕು ಚಳಿ ಹಿಡಿದವರಂತೆ ಅದುರುತ್ತಿತ್ತು. ನೋಡಿ ನೋಡಿ ಮನೆಯವರಿಗೆ ತಲೆನೋವು. ಮೂರನೆಯದು ಆ ಚೂಪು ಮೂಲೆ. ಹಾಲಿನ ಪುಡಿಯ ಡಬ್ಬದ ಮುಚ್ಚಳವನ್ನು ಹಿಂದೆ ಮುಂದೆ ಹತ್ತು ಸಲ ಬಗ್ಗಿಸಿದರೆ ಬಗ್ಗಿದ ಗೆರೆಯಲ್ಲೇ ತುಂಡಾಗುತ್ತದಲ್ಲವೇ? ಅದೇ ಕತೆ. ರಸ್ತೆಯ ಪ್ರತಿ ಗುಂಡಿಯೂ ಆ ಪಟ್ಟಿಯನ್ನು ಕೂದಲೆಳೆಯಷ್ಟು ಬಗ್ಗಿಸುತ್ತಿತ್ತು. ಐದು ವಾರ ತಾಳಿತು. ಒಂದು ರಾತ್ರಿ ಬಲಗಡೆಯ ದೀಪ ಕಳಚಿ, ವಯರಿನಲ್ಲಿ ನೇತಾಡುತ್ತ ಬಂಪರಿಗೆ ಟಪಟಪ ಬಡಿಯುತ್ತ ಮನೆಗೆ ಬಂತು. ಜಗಲಿಯಲ್ಲಿ ತೂಗುತ್ತಿರುವುದು ಅದರ ಉಳಿದರ್ಧ.

ಎರಡನೆಯ ಸಲ ಅವಸರ ಮಾಡಲಿಲ್ಲ. ಅಂಗಡಿಯವರಲ್ಲಿ ಗೋಗರೆದು, ಸ್ವಲ್ಪ ಹಣ ಸೇರಿಸಿ, ದೀಪಗಳನ್ನು ಬದಲಿಸಿ ಅಗಲ ಬೆಳಕಿನ ಮಂಜಿನ ದೀಪ ತಂದೆವು. ಹಾರ್ಡ್‌ವೇರ್ ಅಂಗಡಿಯಿಂದ 25 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ ತೂಕಕ್ಕೆ ಕೊಂಡೆ. ಪಟ್ಟಿಯ ದಪ್ಪ ಎರಡು ಪಟ್ಟಾದರೆ ಅದು ಬಗ್ಗದೆ ನಿಲ್ಲುವ ಬಲ ಎರಡು ಪಟ್ಟಲ್ಲ, 8 ಪಟ್ಟಾಗುತ್ತದೆ. 2 ಮಿಲಿಮೀಟರಿನಿಂದ 5ಕ್ಕೆ ಹೋದರೆ 15 ಪಟ್ಟಿಗೂ ಹೆಚ್ಚು. ಅದರ ಮೇಲೆ ಉಕ್ಕು ಅಲ್ಯುಮಿನಿಯಂಗಿಂತ ಸುಮಾರು 3 ಪಟ್ಟು ಬಿಗಿ. ಈ ಲೆಕ್ಕವನ್ನು ಎಸ್.ಎಸ್.ಎಲ್.ಸಿ. ಓದುತ್ತಿದ್ದ ಮಗಳು ಮತ್ತು ಅವಳ ವಿಜ್ಞಾನದ ಟೀಚರು ಸೇರಿ ನನಗೆ ಹೇಳಿಕೊಟ್ಟರು. ಬಾಪ ಯಾವ ಲೆಕ್ಕವೂ ಇಲ್ಲದೆ ಬೆರಳಲ್ಲಿ ಒತ್ತಿ ನೋಡಿಯೇ ಹೇಳುತ್ತಿದ್ದರು.

ಕಬ್ಬಿಣಕ್ಕೆ ಕೈ ಹಾಕುವ ಮೊದಲು ರಟ್ಟಿನಲ್ಲಿ ಮಾಡಿ ನೋಡಬೇಕು. ರವಿಕೆ ಹೊಲಿಯುವವರಿಗೆ ಇದು ಹೊಸತಲ್ಲ, ಕಾಗದದಲ್ಲಿ ಕತ್ತರಿಸಿ ನೋಡಿ ಆಮೇಲೆ ಬಟ್ಟೆಗೆ ಕತ್ತರಿ ಹಾಕುತ್ತೇವಲ್ಲ, ಹಾಗೆ. ಮದುವೆಯ ಆಮಂತ್ರಣ ಪತ್ರಗಳ ರಟ್ಟು ಒಳ್ಳೆಯದು, ನಮ್ಮಲ್ಲಿ ಅದಕ್ಕೆ ಬರವಿಲ್ಲ. ನಾಲ್ಕು ಆಮಂತ್ರಣ ಹಾಳು ಮಾಡಿದ ಮೇಲೆ ಐದನೆಯದು ಸರಿಯಾಗಿ ಕುಳಿತಿತು. ಈ ಸಲ ಪ್ಲಾಸ್ಟಿಕ್ಕಿಗಲ್ಲ, ಬಂಪರನ್ನು ಗಾಡಿಯ ಮೈಗೆ ಹಿಡಿದಿರುವ ಕಬ್ಬಿಣದ ಬೋಲ್ಟಿಗೇ ಪಟ್ಟಿಯ ಒಂದು ತುದಿ. ಇನ್ನೊಂದು ತುದಿ ಬಂಪರಿನ ಕೆಳಗಿನಿಂದ ಮುಂದಕ್ಕೆ ಬಂದು ದೀಪವನ್ನು ಹೊರಬೇಕು.

ಬಗ್ಗಿಸುವಾಗ ಸುತ್ತಿಗೆಯ ಪೆಟ್ಟು ಕಡಿಮೆ ಮಾಡಿದೆ. ವೈಸಿನಲ್ಲಿ ಪಟ್ಟಿಯ ಜೊತೆಗೆ ಒಂದು ದುಂಡು ಸರಳನ್ನು ಇಟ್ಟು, ಮೇಲಿನ ತುದಿಗೆ ಉದ್ದದ ಪೈಪು ಸಿಕ್ಕಿಸಿ ನಿಧಾನ ಎಳೆದರೆ ಮೂಲೆ ಚೂಪಾಗುವುದಿಲ್ಲ, ದುಂಡಗೆ ಬಾಗುತ್ತದೆ. ದುಂಡು ಮೂಲೆ ಬೇಗ ಬಿರಿಯದು. ತೂತು ಕೊರೆಯುವಾಗ ಮೊದಲು ಮೊಳೆಯಂಥ ಪಂಚಿನಿಂದ ಗುರುತು ಕುಟ್ಟಬೇಕು, ಇಲ್ಲವಾದರೆ ಡ್ರಿಲ್ಲು ಜಾರಿ ಎಲ್ಲೆಲ್ಲೋ ಓಡುತ್ತದೆ. ಮೊದಲು 4 ಮಿಲಿಮೀಟರಿನ ಸಣ್ಣ ತೂತು, ಆಮೇಲೆ ಬೋಲ್ಟಿನ ಅಳತೆಗೆ ದೊಡ್ಡದು. ನಿಧಾನ ವೇಗ, ನಾಲ್ಕು ಹನಿ ಎಣ್ಣೆ. ನಮ್ಮಂಥವರು ಮರೆಯಬಾರದ ಒಂದು ಮಾತಿದೆ. ದುಪ್ಪಟ್ಟಾದ ಸೆರಗನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಿ, ಬಳೆ ತೆಗೆದಿಡಿ, ಕೈಗವಸು ಹಾಕಬೇಡಿ. ತಿರುಗುವ ಡ್ರಿಲ್ಲು ಬಟ್ಟೆಯ ಎಳೆಯನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೊರೆಯಲೇಬಾರದು. ನಾನು ಒಂದು ಸಲ ಹಿಡಿದೆ, ಅದು ಗಿರ್ರನೆ ತಿರುಗಿ ಹೆಬ್ಬೆರಳು ಕೊಯ್ಯಿತು. ಗುರುತು ಈಗಲೂ ಇದೆ.

ಆಮೇಲೆ ಅಂಚುಗಳನ್ನು ಅರದಿಂದ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ ಒಣಗಿಸಿ, ಅದರ ಮೇಲೆ ಎರಡು ಸಲ ಕಪ್ಪು ಬಣ್ಣ ಬಳಿದೆ. ತೂತಿನ ಒಳಗೂ. ನಮ್ಮ ಕಡೆಯ ಮಳೆಗೆ ಬಣ್ಣ ತಾಗದ ಸೂಜಿಮೊನೆಯಷ್ಟು ಜಾಗ ಸಿಕ್ಕರೂ ತುಕ್ಕು ಅಲ್ಲಿಂದಲೇ ಒಳ ಹೊಕ್ಕುತ್ತದೆ. ವಯರಿಂಗನ್ನು ಮಾತ್ರ ಬಲ್ಲವರಿಗೆ ಬಿಟ್ಟೆವು. ಎರಡು ದೀಪ ಸೇರಿ 9 ಆಂಪಿಯರಿಗೂ ಹೆಚ್ಚು ಕರೆಂಟು ಎಳೆಯುತ್ತವೆ, ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚು ಅದನ್ನು ತಾಳದು. ನಡುವೆ ಒಂದು ರಿಲೇ, ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸು ಇರಲೇಬೇಕು. ಇದನ್ನು ಬಿಟ್ಟು ನೇರ ವಯರು ಎಳೆದರೆ ವಯರು ಕಾದು ಬೆಂಕಿ ಹತ್ತಬಹುದು.

ಕೂರಿಸಿದ ದಿನ ಸಂಜೆ ಕತ್ತಲಾಗುವುದನ್ನೇ ಕಾದೆವು. ದೀಪ ಹಾಕಿದರೆ ಬೆಳಕು ಒಂದಿಷ್ಟೂ ಅಲುಗಲಿಲ್ಲ. ಮನೆಯವರು ಬಂಪರಿನ ಕೆಳಗೆ ಕೈ ಹಾಕಿ ಬ್ರಾಕೆಟ್ಟನ್ನು ಜಗ್ಗಿ ನೋಡಿ, “ಬಾಪನ ಮಗಳೇ ಹೌದು” ಎಂದರು. ಓದುಗರೇ, ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಳ್ಳೆಯ ಕತೆಯಾಗುತ್ತಿತ್ತು.

ದೀಪವನ್ನು ಎಷ್ಟು ಬಗ್ಗಿಸಿಡಬೇಕು ಎಂಬ ಪ್ರಶ್ನೆ ಬಂದಾಗ ನಾವು ಗಾಡಿಯನ್ನು ಮನೆಯ ಮುಂದಿನ ದಾರಿಯಲ್ಲಿ ನಿಲ್ಲಿಸಿ ಕಣ್ಣಂದಾಜಿನಲ್ಲೇ ನೋಡಿದೆವು. ಮನೆಯವರು ತಗ್ಗಿಸಿದರು. “ಇನ್ನೂ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ” ಎಂದವಳು ನಾನು. ಟಾರ್ಚು ಹಿಡಿದು ನಡೆದವಳು ನಾನಲ್ಲವೇ, ದೂರ ಕಂಡಷ್ಟೂ ನನಗೆ ಸಾಲದು. ಗಾಡಿ ಆಗ ಖಾಲಿಯಿತ್ತು.

ಹತ್ತು ಹನ್ನೆರಡು ದಿನಗಳ ನಂತರ ಉಮ್ಮನನ್ನು ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಕರೆತರುವಾಗ ಅಕ್ಕನ ಮನೆಯವರೆಲ್ಲ ಹೊರಟರು. ಮಕ್ಕಳೂ ಸೇರಿ ಗಾಡಿಯಲ್ಲಿ ಏಳು ಜನ, ಹಿಂದೆ ಎರಡು ಚೀಲ ಕಿತ್ತಳೆ ಬಾಳೆಕಾಯಿ. ಘಾಟಿಯಲ್ಲಿ ಮಂಜಿತ್ತು, ದೀಪಗಳು ಚೆನ್ನಾಗಿ ಕೆಲಸ ಮಾಡಿದವು, ನಾನು ಹಿಂದಿನ ಸೀಟಿನಿಂದ ಹೊಗಳಿಕೆ ಕೇಳುತ್ತಾ ಬಂದೆ. ಘಾಟಿ ಇಳಿದ ಮೇಲೆ ಮಂಜು ಇರಲಿಲ್ಲ. ದೀಪ ಆರಿಸಬೇಕಿತ್ತು. ಯಾರಿಗೂ ನೆನಪಾಗಲಿಲ್ಲ. ಕಕ್ಕಿಂಜೆ ದಾಟಿ ಸ್ವಲ್ಪ ಮುಂದೆ, ತಿರುವಿನಲ್ಲಿ, ಎದುರಿನಿಂದ ಒಂದು ಸ್ಕೂಟರು ಬಂತು. ಗಂಡ ಹೆಂಡತಿ. ನಮ್ಮ ಹತ್ತಿರ ಬರುವಾಗ ಸ್ಕೂಟರು ಓಲಾಡಿತು, ಹಾಗೆಯೇ ರಸ್ತೆ ಬಿಟ್ಟು ಚರಂಡಿಗೆ ಇಳಿಯಿತು.

ನಾವು ನಿಲ್ಲಿಸಿ ಓಡಿದೆವು. ಗಂಡನಿಗೆ ತರಚು ಗಾಯ. ಹೆಂಡತಿಯ ಎಡಗೈ ಮಣಿಕಟ್ಟು ಊದಿಕೊಂಡಿತ್ತು. ಅವರನ್ನು ಓಮ್ನಿಯಲ್ಲೇ ಹಾಕಿಕೊಂಡು, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಬಂದೆವು. ಮೂಳೆ ಮುರಿದಿತ್ತು. ಗಂಡ ತಲೆಗೆ ಕೈ ಹೊತ್ತು, “ನನ್ನದೇ ತಪ್ಪು, ತಿರುವಿನಲ್ಲಿ ನಿಧಾನ ಮಾಡಬೇಕಿತ್ತು” ಎನ್ನುತ್ತಿದ್ದರು. ಹೆಂಡತಿ ಮಾತ್ರ, “ರಸ್ತೆಯೇ ಕಾಣಲಿಲ್ಲ, ಬರೀ ಬಿಳಿ ಕಂಡಿತು” ಎಂದು ಒಮ್ಮೆ ಹೇಳಿ ಸುಮ್ಮನಾದರು. ನಾನು ಮನೆಯವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಇಬ್ಬರೂ ಬಾಯಿ ತೆರೆಯಲಿಲ್ಲ. ಆಸ್ಪತ್ರೆಯ ಬಿಲ್ಲನ್ನು ನಾವು ಕೊಟ್ಟಾಗ ಆ ಗಂಡ ಕೈ ಮುಗಿದರು. ನಮ್ಮನ್ನು ಉಪಕಾರಿಗಳೆಂದು ತಿಳಿದು ಕೈ ಮುಗಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಮಗಳಲ್ಲಿ ಲೆಕ್ಕ ಹಾಕಿಸಿದೆ. ಹಿಂದೆ ಭಾರ ಬಿದ್ದರೆ ಓಮ್ನಿಯ ಹಿಂಭಾಗ ಕುಳಿತು ಮೂತಿ ಮೇಲೇಳುತ್ತದೆ. ಬರೇ 1 ಡಿಗ್ರಿ ಎದ್ದರೂ 50 ಮೀಟರ್ ದೂರದಲ್ಲಿ ಬೆಳಕು ಸುಮಾರು 87 ಸೆಂಟಿಮೀಟರ್ ಮೇಲೇರುತ್ತದೆ. ನಮ್ಮ ದೀಪ ನೆಲದಿಂದ ಎರಡಡಿಯಷ್ಟು ಎತ್ತರದಲ್ಲಿತ್ತು. ಎರಡನ್ನೂ ಕೂಡಿಸಿ ನೋಡಿ. ಸರಿಯಾಗಿ ಸ್ಕೂಟರಿನಲ್ಲಿ ಕುಳಿತವರ ಕಣ್ಣು. ನಾನು ಐದು ಮಿಲಿಮೀಟರ್ ದಪ್ಪದ ಕಬ್ಬಿಣ ಹಾಕಿ, ಅಲುಗದಂತೆ ಬಿಗಿದು, ಆ ಬೆಳಕನ್ನು ಅವರ ಕಣ್ಣಿಗೇ ಗುರಿ ಹಿಡಿದು ನಿಲ್ಲಿಸಿದ್ದೆ. ಮುರಿದ ಅಲ್ಯುಮಿನಿಯಂ ಪಟ್ಟಿಯಾದರೂ ನಡುಗುತ್ತಿತ್ತು.

ಮನೆಯವರು, “ನಾವು ಆಸ್ಪತ್ರೆಗೆ ಸೇರಿಸಿದ್ದೇವೆ, ಖರ್ಚು ಕೊಟ್ಟಿದ್ದೇವೆ, ಇನ್ನೇನು?” ಎಂದರು. ಪೊಲೀಸ್ ಕೇಸಾದರೆ ಎಂಬ ಹೆದರಿಕೆ ಅವರಿಗೆ. ನನಗೂ ಇರಲಿಲ್ಲವೆಂದಲ್ಲ. ಉಮ್ಮ ಕೇಳುತ್ತಿದ್ದವರು, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡೇ, “ಆ ಹೆಂಗಸಿಗೆ ಕಂಡದ್ದು ನನಗೆ ಎರಡು ವರ್ಷದಿಂದ ಕಾಣುತ್ತಿದೆ” ಎಂದರು. ಬೇರೇನೂ ಹೇಳಲಿಲ್ಲ.

ನಾಲ್ಕನೆಯ ದಿನ ನಾನು ಅವರ ಮನೆ ಹುಡುಕಿಕೊಂಡು ಹೋದೆ. ಆಕೆ ಬೀಡಿ ಕಟ್ಟುವವರು. ನಾನೂ ಚಿಕ್ಕಂದಿನಲ್ಲಿ ಕಟ್ಟಿದವಳು, ಒಂದು ಕೈಯಲ್ಲಿ ಆ ಕೆಲಸ ಆಗುವುದಿಲ್ಲವೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಗೆರಸೆ ಮೂಲೆಯಲ್ಲಿ ಬೋರಲು ಬಿದ್ದಿತ್ತು. ನಾನು ಕುಳಿತವಳೇ, “ನಿಮ್ಮ ಯಜಮಾನರ ತಪ್ಪಲ್ಲ, ನಮ್ಮ ದೀಪದ್ದು. ಅದನ್ನು ಕೂರಿಸಿದವಳು ನಾನು” ಎಂದೆ. ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. “ಆ ರಾತ್ರಿಯೇ ಗೊತ್ತಿತ್ತು. ನೀವು ಹೇಳ್ತೀರಾ ಅಂತ ನೋಡ್ತಾ ಇದ್ದೆ” ಎಂದರು. ಕೈಗೆ ಪ್ಲಾಸ್ಟರ್ ಇರುವಷ್ಟು ವಾರಗಳ ಬೀಡಿಯ ಮಜೂರಿಯನ್ನು ಲೆಕ್ಕ ಹಾಕಿ ತಂದಿದ್ದೆ. ಬೇಡ ಗೀಡ ಎನ್ನದೆ, ಎಣಿಸಿ ತೆಗೆದುಕೊಂಡರು. ಅದು ನನಗೆ ಸಮಾಧಾನವಾಯಿತು. ಏಳುವಾಗ ಕೇಳಿದರು, “ದುಡ್ಡು ಇರಲಿ, ಆ ದೀಪ ಕೆಳಗೆ ಮಾಡಿದ್ರಾ?” ಮಾಡಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿತು. ನಾವು ಅದನ್ನು ಹಚ್ಚದೆ ಇಟ್ಟಿದ್ದೆವು, ಅಷ್ಟೆ.

ಅಂದು ಸಂಜೆಯೇ ಕೂತೆವು. ಈಗ ಹೇಳುವ ಕ್ರಮವನ್ನು ಮನೆಯಲ್ಲಿ ಗಾಡಿಯಿರುವವರು ದಯವಿಟ್ಟು ಗಂಡಸರಿಗೆ ಓದಿ ಹೇಳಿ. ಸಮತಟ್ಟು ನೆಲದಲ್ಲಿ, ಗೋಡೆಯಿಂದ 25 ಅಡಿ ದೂರಕ್ಕೆ ಗಾಡಿ ನಿಲ್ಲಿಸಬೇಕು. ನೆಲದಿಂದ ದೀಪದ ನಡುವಿಗೆ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ಗೋಡೆಯಲ್ಲಿ ಸೀಮೆಸುಣ್ಣದ ಗೆರೆ, ಅದಕ್ಕಿಂತ 4 ಅಂಗುಲ ಕೆಳಗೆ ಇನ್ನೊಂದು ಗೆರೆ. ಮಂಜಿನ ದೀಪದ ಬೆಳಕಿನ ಮೇಲಂಚು ಈ ಕೆಳಗಿನ ಗೆರೆಯನ್ನು ದಾಟಬಾರದು. ಮುಖ್ಯವಾದ ಮಾತು, ಗಾಡಿ ಖಾಲಿ ಇರಬಾರದು. ಟಯರಿನ ಗಾಳಿ ಸರಿಯಿರಬೇಕು, ಸಾಮಾನ್ಯವಾಗಿ ಎಷ್ಟು ಜನ ಕೂರುತ್ತಾರೋ ಅಷ್ಟು ಭಾರ ಇರಬೇಕು. ನಾವು ಅಂಗಡಿಯ ಅಕ್ಕಿ ಮೂಟೆಗಳನ್ನು ತಂದು ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಗೋಡೆಯಲ್ಲಿ ಬೆಳಕು ನಮ್ಮ ಕಣ್ಣೆದುರೇ ಮೇಲೇರಿತು. ಅಕ್ಕನ ಸಣ್ಣ ಮಗನಿಗೆ ಅದೊಂದು ಸಿನಿಮಾ.

ಇನ್ನೊಂದು ದೋಷವೂ ಆಗ ಕಂಡಿತು. ದೀಪ ಒಂದೇ ಬೋಲ್ಟಿನ ಮೇಲೆ ನಿಂತಿತ್ತು. ಎಷ್ಟು ಬಿಗಿದರೂ ಗುಂಡಿಯಲ್ಲಿ ಬಿದ್ದಾಗ ಕತ್ತು ತಿರುಗಿಸಿ ಮೇಲೆ ನೋಡುತ್ತಿತ್ತು. ಅದಕ್ಕೆ ದೀಪದ ಹಿಂಭಾಗದಿಂದ ಬ್ರಾಕೆಟ್ಟಿನ ಬುಡಕ್ಕೆ ಇನ್ನೊಂದು ತೆಳು ಪಟ್ಟಿ ಕೊಟ್ಟೆ. ಮೂರು ಮೂಲೆ ಸೇರಿ ತ್ರಿಕೋನವಾಯಿತು. ತ್ರಿಕೋನ ಅಲುಗುವುದಿಲ್ಲ. ನಟ್ಟುಗಳಿಗೆ ನೈಲಾನ್ ಉಂಗುರ ಇರುವಂಥದ್ದನ್ನೇ ಹಾಕಿದೆ, ಅದು ಅದುರಿದರೂ ಸಡಿಲಾಗದು.

ಇದಕ್ಕೆ ಕಾನೂನೂ ಇದೆಯೆಂದು ಆಮೇಲೆ ಓದಿ ತಿಳಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು. ದೀಪದಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ಮನುಷ್ಯನಿಗೆ ಬೆಳಕು ಕುಕ್ಕದಂತೆ ದೀಪ ಕೆಳಗೆ ಬಾಗಿರಬೇಕು, ಇಲ್ಲವೇ ಚಾಲಕ ಅದನ್ನು ಬಗ್ಗಿಸುವಂತಿರಬೇಕು. ಓದಿದಾಗ ನನಗೆ ನಗು ಬಂತು. ನಮ್ಮ ಉಮ್ಮ ಒಂದು ಹಲಗೆಯ ಮೇಲೆ ನಿಂತರೆ ಸರಿಯಾಗಿ ಅಷ್ಟೇ ಎತ್ತರ. ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿ ತಿಂಗಳಾದ ಮೇಲೆ, ಅಳತೆ ಪಟ್ಟಿ ಹಿಡಿದು 8 ಮೀಟರ್ ಗುರುತು ಮಾಡಿ ಅವರನ್ನು ಅಲ್ಲಿ ನಿಲ್ಲಿಸಿದೆವು. ಮನೆಯವರು ದೀಪ ಹಾಕಿದರು. ಉಮ್ಮ ಕೈ ಅಡ್ಡ ಹಿಡಿಯಲಿಲ್ಲ. “ನಿನ್ನ ಮುಖ ಕಾಣುತ್ತದೆ, ಗಡ್ಡ ಬಿಳಿಯಾಗಿದೆಯಲ್ಲ ಮಾರಾಯ” ಎಂದು ಅಳಿಯನಿಗೆ ಹೇಳಿದರು.

ಆ ಬ್ರಾಕೆಟ್ಟುಗಳು ನಾಲ್ಕು ಮಳೆಗಾಲ ಕಂಡವು. 2019ರ ಆಗಸ್ಟಿನ ಮಳೆಗೆ ಘಾಟಿ ಕುಸಿದು ರಸ್ತೆ ಮುಚ್ಚುವವರೆಗೂ ನಾವು ಅದೇ ದಾರಿಯಲ್ಲಿ ಹೋಗಿ ಬರುತ್ತಿದ್ದೆವು. ಘಾಟಿ ಇಳಿದ ಕೂಡಲೇ ದೀಪ ಆರಿಸುವುದು ಉಮ್ಮನ ಉಸ್ತುವಾರಿ. ಅವರು ಮುಂದಿನ ಸೀಟಿನಿಂದ ಸ್ವಿಚ್ಚಿನ ಕಡೆ ಬೆರಳು ತೋರಿಸುತ್ತಿದ್ದರು. 2021ರಲ್ಲಿ ಓಮ್ನಿಯನ್ನು ಮಾರುವಾಗ ದೀಪಗಳನ್ನು ಬಿಚ್ಚಿ ಕೊಟ್ಟೆವು. ಕಬ್ಬಿಣದ ಪಟ್ಟಿಗಳು ಈಗ ಬಚ್ಚಲಿನ ಗೋಡೆಯಲ್ಲಿ ಒಂದು ಹಲಗೆಯನ್ನು ಹೊತ್ತಿವೆ. ತುಕ್ಕು ಅಂಚಿನಲ್ಲಿ ಮಾತ್ರ.

ಈಗ ನಮ್ಮಲ್ಲಿರುವುದು ಬೇರೆ ಕಾರು. ಕಳೆದ ಕೆಲವು ವರ್ಷಗಳಲ್ಲಿ ರಸ್ತೆಯಲ್ಲಿ ಎಲ್ಲ ಕಡೆ ಎಲ್‌ಇಡಿ. ಹ್ಯಾಲೊಜನ್ನಿಗೆಂದು ಮಾಡಿದ ದೀಪದ ಬುಟ್ಟಿಯೊಳಗೆ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕು ಹೊರಡುವ ಜಾಗವೇ ಬದಲಾಗಿ ಕಿರಣ ಅಡ್ಡಾದಿಡ್ಡಿ ಚೆಲ್ಲುತ್ತದೆ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕಲು ಶುರು ಮಾಡಿದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಆದರೂ ಕಳೆದ ಮಳೆಗಾಲದಲ್ಲಿ ಮನೆಯವರು ಯಾರದೋ ಮಾತು ಕೇಳಿ ಒಂದು ಜೊತೆ ಅಂಥ ಬಲ್ಬು ತಂದು ಹಾಕಿದರು. ಮಗ್ರಿಬ್ ಕಳೆದ ಮೇಲೆ ಅಂಗಳದಲ್ಲಿ ಹಚ್ಚಿ ತೋರಿಸಿದರು. ಅಂಗಳವೆಲ್ಲ ಹಗಲಾಯಿತು. ಉಮ್ಮ ಜಗಲಿಯಿಂದ ಕೋಲೂರಿಕೊಂಡು ಇಳಿದು ಬಂದರು, ಎಂಟು ಮೀಟರ್ ಅಂದಾಜಿಸಿ ಅಲ್ಲಿ ನಿಂತರು. ನಿಂತವರೇ ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದರು. ಮನೆಯವರು ಒಂದು ಮಾತೂ ಆಡದೆ ಬಾನೆಟ್ ತೆರೆದರು. ಮರುದಿನ ಬಲ್ಬುಗಳನ್ನು ಹಿಂದಿರುಗಿಸಲು ಹೋದರೆ ಅಂಗಡಿಯವರು ಅರ್ಧ ಹಣವನ್ನಷ್ಟೇ ಕೊಟ್ಟರು.